ಸೆಕೆಂಡ್ ಹ್ಯಾಂಡ್ 4 ಟ್ರ್ಯಾಕ್ ಕ್ಯಾಸೆಟ್ ರೆಕಾರ್ಡರ್: ಗುಂಯ್, ಸ್ಸ್ಸ್, ಕರಕರ. ಯಾವುದು ಎಲ್ಲಿಂದ ಬರ್ತಿದೆ?

ಹೊಸಟೇಪು:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದ ಆಸೆ, ಕೊನೆಗೂ ಒಂದು 4 ಟ್ರ್ಯಾಕ್ (ಒಂದೇ ಟೇಪಿನಲ್ಲಿ ನಾಲ್ಕು ಸಾಲು ಸದ್ದನ್ನು ಬೇರೆ ಬೇರೆಯಾಗಿ ತುಂಬುವ) ಕ್ಯಾಸೆಟ್ ರೆಕಾರ್ಡರ್ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಮಾಡೆಲ್ ಹೆಸರು ಬೇಕಂತಲೇ ಹಾಕಿಲ್ಲ. ಹೋದ ಸಲ ಯಾರೋ ಹಾಕಿದ್ದಕ್ಕೆ ಇಡೀ ಚರ್ಚೆ ಬ್ರ್ಯಾಂಡ್ ಜಗಳವಾಗಿ ಹೋಯಿತು.

ಟೇಪ್ ಓಡುತ್ತದೆ, ರೆಕಾರ್ಡ್ ಆಗುತ್ತದೆ, ಮೀಟರ್ ದೀಪಗಳೂ ಸರಿಯಾಗಿವೆ. ಆದರೆ ಸದ್ದು! ಹೆಡ್‌ಫೋನ್ ಹಾಕಿದರೆ ಹಿಂದೆ ಒಂದೇ ಸಮನೆ ಗುಂಯ್. ಪ್ಲೇ ಒತ್ತಿದ ತಕ್ಷಣ ಅದು ಇನ್ನೂ ಜೋರಾಗುತ್ತದೆ. 3ನೇ ಟ್ರ್ಯಾಕಿನಲ್ಲಿ ಬೇರೆಯವಕ್ಕಿಂತ ಜಾಸ್ತಿ ಸ್ಸ್ಸ್, ಆಗಾಗ ಪಟಪಟ. ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಸರಿಸಿದರೆ ಕರಕರ. ಇದೆಲ್ಲ ಸಾಲದು ಅಂತ, ಪರೀಕ್ಷೆಗೆ ಹಳೆಯ ಹಾಡಿನ ಕ್ಯಾಸೆಟ್ ಒಂದನ್ನು ಹಾಕಿದಾಗ 3 ಮತ್ತು 4ನೇ ಟ್ರ್ಯಾಕಿನಲ್ಲಿ ಯಾರೋ ಅರ್ಥವಾಗದ ಭಾಷೆಯಲ್ಲಿ ಚೀರುತ್ತಿದ್ದಾರೆ. ರಾತ್ರಿ ಹನ್ನೊಂದಕ್ಕೆ ಕೇಳಿ ನಿಜವಾಗಿಯೂ ಬೆವರಿದೆ.

ಎಲ್ಲಿಂದ ಶುರು ಮಾಡಲಿ? ಹೆಡ್ (ಟೇಪಿಗೆ ತಾಗಿ ಸದ್ದನ್ನು ಓದುವ, ಬರೆಯುವ ಭಾಗ) ಬದಲಾಯಿಸಬೇಕಾ? ಬೆಸುಗೆ ಹಾಕುವುದು ಅಷ್ಟಿಷ್ಟು ಬರುತ್ತದೆ.

ಗದ್ದಲ:
ದೆವ್ವ. ವಾಪಸ್ ಕೊಟ್ಟುಬಿಡಿ.

ರೀಲುಸುತ್ತ:
ಚೀರಾಟಕ್ಕೆ ಹೆದರಬೇಡಿ, ಅದು ತೊಂದರೆಯೇ ಅಲ್ಲ. ಮಾಮೂಲಿ ಸ್ಟೀರಿಯೋ ಕ್ಯಾಸೆಟ್ಟಿನಲ್ಲಿ ಅರ್ಧ ಟೇಪು ಎ ಬದಿಗೆ, ಇನ್ನರ್ಧ ಬಿ ಬದಿಗೆ. ನಿಮ್ಮ ಯಂತ್ರ ನಾಲ್ಕೂ ಟ್ರ್ಯಾಕುಗಳನ್ನು ಒಂದೇ ದಿಕ್ಕಿನಲ್ಲಿ ಓದುತ್ತದೆ. ಹಾಗಾಗಿ 1, 2ರಲ್ಲಿ ಎ ಬದಿಯ ಹಾಡು, 3, 4ರಲ್ಲಿ ಬಿ ಬದಿಯ ಹಾಡು ಹಿಂದುಮುಂದಾಗಿ. ಯಂತ್ರದ್ದು ಸೆಕೆಂಡಿಗೆ 9.5 ಸೆಂಟಿಮೀಟರ್ ವೇಗವಾಗಿದ್ದರೆ ಮಾಮೂಲಿ 4.76ರ ಎರಡರಷ್ಟು, ಆದ್ದರಿಂದ ಆ ಚೀರು ದನಿ.

ಹೊಸಟೇಪು:
ಅಯ್ಯೋ ದೇವರೇ. ಎರಡು ದಿನ ಅದನ್ನು ಹಾಕಿಯೇ ಇರಲಿಲ್ಲ. ಹೌದು, 9.5 ವೇಗದ್ದೇ.

ಒಂದುಸೊನ್ನೆ:
ಫೋನಿನಲ್ಲಿ ಬೇಕಾದಷ್ಟು ಟ್ರ್ಯಾಕ್ ರೆಕಾರ್ಡ್ ಮಾಡಬಹುದು. ಗುಂಯ್ ಇಲ್ಲ, ಸ್ಸ್ಸ್ ಇಲ್ಲ, ದೆವ್ವವೂ ಇಲ್ಲ. ಸುಮ್ನೆ ಹೇಳಿದೆ.

ತಂತಿನಾದ:
ಬಂದ್ರಪ್ಪ. ಟೇಪಿನ ಬಗ್ಗೆ ಯಾರು ಏನು ಕೇಳಿದರೂ ಇವರದು ಇದೇ ಉತ್ತರ.

ಬೆಸುಗೆಕೈ:
ಹೊಸಟೇಪು, ಸ್ಕ್ರೂಡ್ರೈವರ್ ಕೆಳಗಿಡಿ. ಮೊದಲು ಕಿವಿ. ನೀವು ಎಲ್ಲ ಸದ್ದನ್ನೂ ಒಂದೇ ಮೂಟೆ ಕಟ್ಟಿದ್ದೀರಿ, ಅದನ್ನು ಬಿಚ್ಚಬೇಕು. ಮೂರು ಪ್ರಶ್ನೆ ಸಾಕು.

ಟೇಪ್ ನಿಂತಿರುವಾಗಲೂ ಗುಂಯ್ ಕೇಳುತ್ತದಾ? ಕೇಳಿದರೆ ಅದು ಟೇಪಿನದ್ದಲ್ಲ, ಕರೆಂಟಿನ ಕಡೆಯದು ಅಥವಾ ಒಳಗಿನ ಸರ್ಕ್ಯೂಟಿನದು.

ಎಲ್ಲ ಚಾನೆಲ್ ಫೇಡರ್ ಕೆಳಗಿಳಿಸಿ, ಮಾಸ್ಟರ್ (ಎಲ್ಲ ಸೇರಿದ ಸದ್ದಿನ ಫೇಡರ್) ಮಾತ್ರ ಮೇಲಿಟ್ಟರೂ ಇದೆಯಾ? ಇದ್ದರೆ ಅದು ಚಾನೆಲ್ ದಾಟಿದ ಮೇಲೆ ಸೇರುತ್ತಿದೆ.

ಕೊನೆಯದು, ನನಗೆ ಇಷ್ಟವಾದದ್ದು. ಟೇಪ್ ಓಡುವಾಗ ಅದರ ವೇಗ ಬದಲಿಸುವ ಪಿಚ್ ಗುಂಡಿ ತಿರುಗಿಸಿ. ಗುಂಯ್ ಶ್ರುತಿಯೂ ಜೊತೆಗೆ ಏರಿಳಿದರೆ ಅದು ಒಂದೋ ಟೇಪಿನ ಮೇಲೇ ರೆಕಾರ್ಡ್ ಆಗಿದೆ, ಇಲ್ಲ ಮೋಟಾರಿನಿಂದ ಬರುತ್ತಿದೆ. ಅಲ್ಲಾಡದೆ ಕೂತಿದ್ದರೆ ಮೇನ್ಸ್ ಕರೆಂಟಿನದು. ಈ ಪರೀಕ್ಷೆಗೆ ಒಂದು ಹೊಸ ಖಾಲಿ ಟೇಪು, ಒಂದು ಹಳೆಯ ಟೇಪು, ಎರಡನ್ನೂ ಹಾಕಿ ನೋಡಿ. ಬರೆದಿಟ್ಟುಕೊಳ್ಳಿ, ನೆನಪಿನಲ್ಲಿ ಉಳಿಯಲ್ಲ.

ಹಳೇಕ್ಯಾಸೆಟ್:
ಮೊದಲು ಹೆಡ್ ಕ್ಲೀನ್, ಆಮೇಲೆ ಡಿಮ್ಯಾಗ್ನೆಟೈಸ್. ಸೆಕೆಂಡ್ ಹ್ಯಾಂಡ್ ಅಂದಮೇಲೆ ಹೆಡ್ಡಿಗೆ ಕಾಂತತ್ವ ಹಿಡಿದೇ ಇರುತ್ತದೆ. ಸ್ಸ್ಸ್ ಜಾಸ್ತಿ ಆಗುವುದೇ ಅದರಿಂದ, ಮೇಲಿನ ಸ್ವರಗಳೂ ಸವೆಯುತ್ತವೆ. ನಾನು ಯಾವ ಯಂತ್ರ ಬಂದರೂ ಮೊದಲು ಮಾಡುವುದು ಇದೇ.

ಬೆಸುಗೆಕೈ:
ಕ್ಲೀನಿಂಗಿಗೆ ಹೂಂ. ಡಿಮ್ಯಾಗ್ನೆಟೈಸ್ ಕೊನೆಗೆ. ಒಂದೇ ಟ್ರ್ಯಾಕಿನಲ್ಲಿ ಸ್ಸ್ಸ್ ಜಾಸ್ತಿ ಅಂತಿದ್ದಾರೆ. ನಾಲ್ಕು ಟ್ರ್ಯಾಕೂ ಇರುವುದು ಒಂದೇ ಹೆಡ್ಡಿನಲ್ಲಿ. ಕಾಂತತ್ವ ಹಿಡಿದು 3ನೆಯದನ್ನು ಮಾತ್ರ ಆರಿಸಿಕೊಂಡು ಕಾಡುತ್ತದಾ?

ಹಳೇಕ್ಯಾಸೆಟ್:
ಮೂವತ್ತು ವರ್ಷದಿಂದ ಮಾಡ್ತಿದ್ದೀನಿ ಸ್ವಾಮಿ.

ತಂತಿನಾದ:
ಡಿಮ್ಯಾಗ್ನೆಟೈಸರ್ ಕಥೆ ನನ್ನದೂ ಒಂದಿದೆ. ಅದನ್ನು ಹೆಡ್ಡಿನ ಹತ್ತಿರ ಹಿಡಿದು, ಕೆಲಸ ಮುಗಿಯಿತು ಅಂತ ಅಲ್ಲೇ ಸ್ವಿಚ್ ಆಫ್ ಮಾಡಿದೆ. ಹೆಡ್ಡು ಮೊದಲಿಗಿಂತ ಕೆಟ್ಟಿತು. ದೂರದಲ್ಲಿ ಆನ್ ಮಾಡಿ, ನಿಧಾನವಾಗಿ ಹತ್ತಿರ ತಂದು, ಅಷ್ಟೇ ನಿಧಾನವಾಗಿ ಒಂದು ಮೀಟರಿನಷ್ಟು ದೂರ ಒಯ್ದು ಆಮೇಲೆ ಆಫ್ ಮಾಡಬೇಕು. ಅಷ್ಟು ಹೊತ್ತೂ ರೆಕಾರ್ಡರ್ ಆಫ್ ಆಗಿರಬೇಕು. ಪಕ್ಕದಲ್ಲೇ ನನ್ನ ಎರಡು ಟೇಪು ಇದ್ದವು. ಅವುಗಳ ಬಗ್ಗೆ ಕೇಳಬೇಡಿ.

ಗದ್ದಲ:
ಕೇಳ್ತೀನಿ. ಏನಿತ್ತು ಅದರಲ್ಲಿ?

ತಂತಿನಾದ:
ನನ್ನದೇ ಹಾಡುಗಳು. ಲೋಕಕ್ಕೆ ನಷ್ಟವೇನೂ ಆಗಲಿಲ್ಲ.

ರೀಲುಸುತ್ತ:
ಕ್ಲೀನಿಂಗ್ ಬಗ್ಗೆ ಎರಡು ಮಾತು. ಐಸೋಪ್ರೊಪೈಲ್ ಆಲ್ಕೋಹಾಲ್ ಆದಷ್ಟು ಶುದ್ಧದ್ದು, 99 ಶೇಕಡಾದ್ದು ಸಿಕ್ಕರೆ ಒಳ್ಳೆಯದು. 70ರದ್ದರಲ್ಲಿ ಉಳಿದದ್ದು ನೀರು. ಹತ್ತಿ ಕಡ್ಡಿಗೆ ಸ್ವಲ್ಪವೇ ಹಚ್ಚಿ ಹೆಡ್ಡು, ಕ್ಯಾಪ್ಸ್ಟನ್ (ಟೇಪ್ ಎಳೆಯುವ ಲೋಹದ ಕಡ್ಡಿ), ಟೇಪ್ ಹಾದುಹೋಗುವ ಗೈಡುಗಳು, ಎಲ್ಲ ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವವರೆಗೆ ಕಡ್ಡಿ ಬದಲಾಯಿಸುತ್ತಾ ಇರಿ. ಹೆಡ್ಡಿನ ಮೇಲೆ ಕೊಳೆ ಕೂತರೆ ಟೇಪು ಅಂಟಿಕೊಂಡು ಓಡಲ್ಲ, ಒಂದು ಕೂದಲಷ್ಟು ದೂರ ಸರಿದರೂ ಮೇಲಿನ ಸ್ವರ ಹೋಯಿತು. ಅದನ್ನು ಸರಿ ಮಾಡಲು ಟ್ರೆಬಲ್ ಏರಿಸುತ್ತೀರಿ, ಅಲ್ಲಿಗೆ ಸ್ಸ್ಸ್ ಕೂಡ ಏರುತ್ತದೆ.

ಹಳೇಕ್ಯಾಸೆಟ್:
ಟೇಪನ್ನು ಕ್ಯಾಪ್ಸ್ಟನ್ನಿಗೆ ಒತ್ತುವ ಪಿಂಚ್ ರೋಲರ್ ರಬ್ಬರಿಗೆ ಮಾತ್ರ ಆಲ್ಕೋಹಾಲ್ ಬೇಡ. ಒಣಗಿ ಬಿರುಕು ಬಿಡುತ್ತದೆ.

ರೀಲುಸುತ್ತ:
ಒಂದು ಸಲ ಒರೆಸಿ ತಕ್ಷಣ ಒಣಗಿಸಿದರೆ ಏನೂ ಆಗಲ್ಲ.

ಹಳೇಕ್ಯಾಸೆಟ್:
ಆಗುತ್ತದೆ.

ರೀಲುಸುತ್ತ:
ಸರಿ, ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಲಿ, ಇಬ್ಬರಿಗೂ ಸಮಾಧಾನ. ಚೆನ್ನಾಗಿ ಒಣಗಿದ ಮೇಲೆಯೇ ಟೇಪ್ ಹಾಕಿ.

ಹೊಸಟೇಪು:
ಬೆಸುಗೆಕೈ ಅಣ್ಣ, ಮೂರೂ ಪರೀಕ್ಷೆ ಮಾಡಿದೆ. ಬರೆದಿಟ್ಟುಕೊಂಡಿದ್ದೀನಿ.

ಟೇಪ್ ನಿಂತಿದ್ದಾಗಲೂ ಗುಂಯ್ ಇದೆ. ಫೇಡರ್ ಎಲ್ಲ ಕೆಳಗಿಟ್ಟರೂ ಇದೆ. ಖಾಲಿ ಟೇಪಿನಲ್ಲಿ ಪ್ಲೇ ಒತ್ತಿದರೆ ಜೋರಾಗುತ್ತದೆ, ಆದರೆ ಪಿಚ್ ತಿರುಗಿಸಿದರೆ ಶ್ರುತಿ ಬದಲಾಗಲ್ಲ.

ವಿಚಿತ್ರ ಏನೆಂದರೆ ಯಂತ್ರದ ಜೊತೆ ಮಾರಿದವರು ಒಂದು ಕ್ಯಾಸೆಟ್ ಕೊಟ್ಟಿದ್ದರು. ಅದನ್ನು ಹಾಕಿದರೆ ಎರಡು ಗುಂಯ್ ಕೇಳುತ್ತವೆ. ಒಂದು ಅಲ್ಲಾಡಲ್ಲ. ಇನ್ನೊಂದು ಪಿಚ್ ಜೊತೆ ಏರಿಳಿಯುತ್ತದೆ. ಎರಡೂ ಹತ್ತಿರ ಬಂದಾಗ ವೊಂವ್ ವೊಂವ್ ಅಂತ ತೂಗುತ್ತವೆ.

ಬೆಸುಗೆಕೈ:
ಶಭಾಷ್. ಅಲ್ಲಾಡದ್ದು ಅಡಾಪ್ಟರಿನದು ಅಂತ ನನ್ನ ಅನುಮಾನ. ಪ್ಲೇ ಒತ್ತಿದರೆ ಜೋರಾಗುವುದಕ್ಕೂ ಅದೇ ಕಾರಣ. ಮೋಟಾರ್ ತಿರುಗಲು ಹೆಚ್ಚು ಕರೆಂಟ್ ಎಳೆಯುತ್ತದೆ, ಅಡಾಪ್ಟರ್ ಏದುಸಿರು ಬಿಡುತ್ತದೆ. ಯಂತ್ರದ ತಳದಲ್ಲಿ ಎಷ್ಟು ವೋಲ್ಟ್, ಎಷ್ಟು ಕರೆಂಟ್ ಅಂತ ಬರೆದಿರುತ್ತದೆ. ಅಡಾಪ್ಟರ್ ಮೇಲಿನದನ್ನೂ ಓದಿ. ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ ಅಂತಲೂ ನೋಡಿ.

ತಂತಿನಾದ:
ಗಿಟಾರ್ ಕೈಯಲ್ಲಿದ್ದರೆ ಗುಂಯ್‌ಗೆ ಶ್ರುತಿ ಹಿಡಿದು ನೋಡಿ. ಮೇನ್ಸ್ 50 ಹರ್ಟ್ಸ್ ಇರುವ ಕಡೆ ಅಡಾಪ್ಟರಿನ ಗುಂಯ್ ಸಾಮಾನ್ಯವಾಗಿ 100 ಹರ್ಟ್ಸ್. ದಪ್ಪ ತಂತಿಯ ಮೂರನೇ ಫ್ರೆಟ್ 98, ಅದಕ್ಕಿಂತ ಕೂದಲೆಳೆಯಷ್ಟು ಮೇಲೆ. 60 ಹರ್ಟ್ಸ್ ಇರುವ ಕಡೆ 120, ಅಂದರೆ ಆರನೇ ಮತ್ತು ಏಳನೇ ಫ್ರೆಟ್ ನಡುವೆ. ಮೂರನೇ ಫ್ರೆಟ್ಟಿಗಿಂತ ಪೂರಾ ಒಂದು ಸಪ್ತಕ ಕೆಳಗೆ 50 ಕೇಳಿದರೆ ಅರ್ಥಿಂಗ್ ತೊಂದರೆ, ಇಲ್ಲ ಪಕ್ಕದಲ್ಲಿ ಯಾವುದೋ ಟ್ರಾನ್ಸ್‌ಫಾರ್ಮರ್ ಇದೆ.

ಒಂದುಸೊನ್ನೆ:
ಇದು ಚೆನ್ನಾಗಿದೆ. ಒಪ್ಪಿದೆ.

ತಂತಿನಾದ:
ಒಂದುಸೊನ್ನೆ ಒಪ್ಪಿದ ದಿನ. ಗೋಡೆಗೆ ಬರೆದಿಡಿ.

ಹೊಸಟೇಪು:
ಮೂರನೇ ಫ್ರೆಟ್‌ಗಿಂತ ಸ್ವಲ್ಪ ಮೇಲೆ! ಯಂತ್ರದ ತಳದಲ್ಲಿ 1 ಆಂಪಿಯರ್ ಅಂತಿದೆ. ಅಡಾಪ್ಟರ್ ಮೇಲೆ 500 ಮಿಲಿಆಂಪಿಯರ್. ವೋಲ್ಟೇಜ್, ಪ್ಲಸ್ ಮೈನಸ್ ಎರಡೂ ಸರಿಯಾಗಿವೆ. ಇದು ಮೂಲ ಅಡಾಪ್ಟರ್ ಅಲ್ಲ ಅನಿಸುತ್ತದೆ, ಸ್ಟಿಕ್ಕರ್ ಬೇರೆಯದೇ.

ಬೆಸುಗೆಕೈ:
ಸಿಕ್ಕಿಬಿತ್ತು. ಬೇಕಾದ್ದರ ಅರ್ಧ ಮಾತ್ರ ಕೊಡುವ ಅಡಾಪ್ಟರ್, ಒಳಗಿನ ಕೆಪಾಸಿಟರ್ ಬೇರೆ ವಯಸ್ಸಾಗಿ ಒಣಗಿರುತ್ತದೆ. ಎಸಿಯನ್ನು ಡಿಸಿ ಮಾಡಿದ ಮೇಲೆ ಉಳಿಯುವ ಅಲೆಗಳನ್ನು ಸಮ ಮಾಡುವುದು ಅದೇ. ಅದು ಸೋತರೆ ಅಲೆ ಹಾಗೇ ನಿಮ್ಮ ಕಿವಿಗೆ ಬರುತ್ತದೆ. ಬ್ಯಾಟರಿ ಹಾಕುವ ಜಾಗ ಇದೆಯಾ? ಇದ್ದರೆ ಬ್ಯಾಟರಿಯಲ್ಲಿ ಓಡಿಸಿ. ಇದಕ್ಕಿಂತ ಖಚಿತ ಪರೀಕ್ಷೆ ಇಲ್ಲ.

ಮೂಗುತೂರಿಸಿ:
ತಿಂಗಳಿಂದ ಸುಮ್ನೆ ಓದ್ತಿದ್ದೆ, ಇವತ್ತು ಬಾಯಿ ತೆರೀತೀನಿ. ಹೊಸ ಅಡಾಪ್ಟರ್ ತರುವಾಗ ಹಗುರದ ಮೊಬೈಲ್ ಚಾರ್ಜರ್ ಜಾತಿಯದನ್ನು ತಂದು ನಾನು ಕೆಟ್ಟೆ. ಗುಂಯ್ ಹೋಯಿತು, ಬದಲಿಗೆ ಸೊಳ್ಳೆಯಂಥ ಕೀಂಯ್ ಬಂತು. ಅದು ಸ್ವಿಚಿಂಗ್ ಸದ್ದಂತೆ. ಒಳ್ಳೆಯವೂ ಇರುತ್ತವೆ, ಕೇಳಿ ನೋಡಿ ತೆಗೆದುಕೊಳ್ಳಿ. ಕರೆಂಟ್ ರೇಟಿಂಗ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಯಂತ್ರ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟೇಜ್ ಮಾತ್ರ ಬದಲಾಗಬಾರದು.

ಹೊಸಟೇಪು:
ಬ್ಯಾಟರಿ ಹಾಕಿದೆ. ಗುಂಯ್ ಮಾಯ! ಎಷ್ಟು ನಿಶ್ಶಬ್ದ ಅಂದರೆ ಯಂತ್ರ ಆನ್ ಆಗಿಲ್ಲ ಅಂದುಕೊಂಡೆ. ಸರಿಯಾದ ಅಡಾಪ್ಟರ್ ಹುಡುಕ್ತೀನಿ.

ಆದರೆ 3ನೇ ಟ್ರ್ಯಾಕ್ ಹಾಗೇ ಇದೆ. ಹೆಡ್ ಒರೆಸಿದೆ, ಎಂಟು ಕಡ್ಡಿ ಕಂದಾಯಿತು. ಸ್ಸ್ಸ್ ಕಡಿಮೆಯಾಯಿತು, ಪಟಪಟ ಹೋಗಿಲ್ಲ. ಅಂದಹಾಗೆ ಟೇಪಿನಲ್ಲಿ ಇಷ್ಟು ಸ್ಸ್ಸ್ ಇರುವುದೇ ಸಹಜವಾ? ಉಳಿದ ಮೂರು ಟ್ರ್ಯಾಕಿನಲ್ಲೂ ಸ್ವಲ್ಪ ಇದೆ.

ರೀಲುಸುತ್ತ:
ಸ್ವಲ್ಪ ಇದ್ದೇ ಇರುತ್ತದೆ. ಲೆಕ್ಕ ನೋಡಿ. ಕ್ಯಾಸೆಟ್ ಟೇಪಿನ ಅಗಲ 3.81 ಮಿಲಿಮೀಟರ್. ಅದರಲ್ಲಿ ನಾಲ್ಕು ಟ್ರ್ಯಾಕು, ನಡುವೆ ಖಾಲಿ ಜಾಗ. ಒಂದೊಂದಕ್ಕೆ ಒಂದು ಮಿಲಿಮೀಟರೂ ಸಿಗಲ್ಲ. ದೊಡ್ಡ ಸ್ಟುಡಿಯೋಗಳ 24 ಟ್ರ್ಯಾಕ್ ಯಂತ್ರದಲ್ಲಿ ಟೇಪು 2 ಇಂಚು ಅಗಲ, ವೇಗ ಸೆಕೆಂಡಿಗೆ 38 ಸೆಂಟಿಮೀಟರ್ ಅಥವಾ 76. ಟ್ರ್ಯಾಕ್ ಅಗಲ ಅರ್ಧವಾದರೆ ಹಾಡಿಗೂ ಸ್ಸ್ಸ್‌ಗೂ ಇರುವ ಅಂತರ 3 ಡೆಸಿಬೆಲ್ ಇಳಿಯುತ್ತದೆ. 1963ರಲ್ಲಿ ಫಿಲಿಪ್ಸ್‌ನವರು ಕ್ಯಾಸೆಟ್ ತಂದಾಗ ಇಷ್ಟೆಲ್ಲ ಕೆಲಸ ಅದರಿಂದ ಮಾಡಿಸುತ್ತೇವೆ ಅಂತ ಯಾರೂ ಅಂದುಕೊಂಡಿರಲಿಲ್ಲ. 1979ರಲ್ಲಿ ಟಿಯಾಕ್ 144 ಪೋರ್ಟಾಸ್ಟುಡಿಯೋ ಬಂದ ಮೇಲೆ ಮನೆಯ ಮೂಲೆಯೇ ಸ್ಟುಡಿಯೋ ಆಯಿತು.

ಅದಕ್ಕೇ ಈ ಯಂತ್ರಗಳಲ್ಲಿ ಸ್ಸ್ಸ್ ತಗ್ಗಿಸುವ ಡಿಬಿಎಕ್ಸ್ ಅಥವಾ ಡಾಲ್ಬಿ ಇರುತ್ತದೆ. ನಿಮ್ಮದರಲ್ಲಿ ಯಾವುದು?

ಹೊಸಟೇಪು:
ಡಿಬಿಎಕ್ಸ್ ಅಂತ ಬರೆದಿದೆ. ಸ್ವಿಚ್ ಆಫ್‌ನಲ್ಲಿತ್ತು. ನಾನು ಮುಟ್ಟಿಲ್ಲ.

ಹಳೇಕ್ಯಾಸೆಟ್:
ಮುಟ್ಟಿಲ್ಲವಂತೆ!

ಬೆಸುಗೆಕೈ:
ನಗಬೇಡಿ, ಎಲ್ಲರೂ ಮಾಡಿದ ತಪ್ಪೇ. ಡಿಬಿಎಕ್ಸ್ ರೆಕಾರ್ಡ್ ಮಾಡುವಾಗ ಸದ್ದಿನ ಏರಿಳಿತವನ್ನು ಅರ್ಧಕ್ಕೆ ಕುಗ್ಗಿಸುತ್ತದೆ, ಪ್ಲೇ ಮಾಡುವಾಗ ಎರಡರಷ್ಟು ಹಿಗ್ಗಿಸುತ್ತದೆ. ಹಿಗ್ಗುವಾಗ ಟೇಪಿನ ಸ್ಸ್ಸ್ ಕೆಳಗೆ ಮುಳುಗುತ್ತದೆ. ಎರಡೂ ಸಲ ಆನ್ ಇರಬೇಕು. ಆನ್ ಮಾಡಿ ರೆಕಾರ್ಡ್ ಮಾಡಿದ್ದನ್ನು ಆಫ್ ಮಾಡಿ ಕೇಳಿದರೆ ಕಿವಿಗೆ ಚುಚ್ಚುವ ಚೂಪು, ಸ್ಸ್ಸ್ ತುಂಬಾ. ಉಲ್ಟಾ ಮಾಡಿದರೆ ಮಂಕು, ಸದ್ದು ಉಸಿರಾಡಿದ ಹಾಗೆ ಏರಿ ಇಳಿಯುತ್ತದೆ.

ಒಂದು ಎಚ್ಚರಿಕೆ. ಹಿಗ್ಗಿಸುವುದರಿಂದ ತಪ್ಪೂ ಹಿಗ್ಗುತ್ತದೆ. ಟೇಪಿನಲ್ಲಿ 3 ಡೆಸಿಬೆಲ್ ಕುಸಿತ ಇದ್ದರೆ ಕಿವಿಗೆ 6 ಕೇಳುತ್ತದೆ. ಅದಕ್ಕೆ ಹೆಡ್ಡು ಚೊಕ್ಕವಾಗಿರಬೇಕು, ಟೇಪು ಒಳ್ಳೆಯದಿರಬೇಕು. ಮತ್ತೆ ಬೇಸ್ ಗಿಟಾರ್ ಒಂದನ್ನೇ ರೆಕಾರ್ಡ್ ಮಾಡಿದರೆ ಪ್ರತಿ ಸ್ವರದ ಹಿಂದೆ ಸ್ಸ್ಸ್ ಇಣುಕುತ್ತದೆ. ಅದು ದೋಷ ಅಲ್ಲ, ಡಿಬಿಎಕ್ಸ್ ಸ್ವಭಾವ.

ತಂತಿನಾದ:
ಟೇಪು ಯಾವುದು ಹಾಕ್ತಿದ್ದೀರಿ? ಈ ಯಂತ್ರಗಳಲ್ಲಿ ಹೆಚ್ಚಿನವು ಟೈಪ್ 2ಕ್ಕೆ (ಕ್ರೋಮ್ ಜಾತಿಯ ಟೇಪು) ಹೊಂದಿಸಿದವು. ಮಾಮೂಲಿ ಟೈಪ್ 1 ಹಾಕಿದರೆ ಮಂಕು. ಸಿ-60 (ಮಾಮೂಲಿ ವೇಗದಲ್ಲಿ ಎರಡೂ ಬದಿ ಸೇರಿ 60 ನಿಮಿಷದ್ದು) ಸಾಕು, 9.5ರ ವೇಗದಲ್ಲಿ ಹದಿನೈದೇ ನಿಮಿಷ ಬರುತ್ತದೆ, ಬಿ ಬದಿ ಅಂತ ಒಂದಿಲ್ಲ. ಜಾಸ್ತಿ ಹೊತ್ತು ಬರಲಿ ಅಂತ ಸಿ-120 ಹಾಕಬೇಡಿ, ಅದರ ಟೇಪು ತೀರಾ ತೆಳು, ಸುತ್ತಿಕೊಂಡು ಹೋಗುತ್ತದೆ.

ಇನ್ನೊಂದು, ಮಟ್ಟ. ಟ್ರಿಮ್ ಗುಂಡಿ (ಒಳಗೆ ಬರುವ ಸದ್ದಿನ ಮಟ್ಟದ್ದು) ಕೆಳಗಿಟ್ಟು ಫೇಡರ್ ತುದಿಗೆ ತಳ್ಳಿದರೆ ಸ್ಸ್ಸ್ ಖಂಡಿತ. ಫೇಡರಿನ ಪಕ್ಕ ಬಣ್ಣ ಬಳಿದ ಪಟ್ಟಿ ಇರುತ್ತದಲ್ಲ, ಚಾನೆಲ್ಲೂ ಮಾಸ್ಟರೂ ಅಲ್ಲಿಟ್ಟು ಉಳಿದದ್ದನ್ನು ಟ್ರಿಮ್‌ನಲ್ಲಿ ಹೊಂದಿಸಿ. ಮೀಟರ್ ಸೊನ್ನೆಯ ಹತ್ತಿರ ಕುಣಿಯಲಿ.

ಗದ್ದಲ:
ಮತ್ತೆ ಕರಕರ? ಅದನ್ನ ಎಲ್ಲರೂ ಮರೆತ್ರಿ.

ಮೂಗುತೂರಿಸಿ:
ಕರಕರ ಎಲ್ಲಕ್ಕಿಂತ ಸುಲಭ. ಪವರ್ ತೆಗೆದು ಪ್ರತಿ ಫೇಡರನ್ನು ಮೇಲೆ ಕೆಳಗೆ ಐವತ್ತು ಸಲ ಎಳೆಯಿರಿ. ಹೋಗದಿದ್ದರೆ ಫೇಡರಿಗೆ ಅಂತಲೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ನಾನು ಹೊಡೆದು ಗ್ರೀಸೆಲ್ಲ ತೊಳೆದುಹೋಗಿ ಫೇಡರ್ ಮರಳಿನಲ್ಲಿ ಎಳೆದ ಹಾಗಾಯಿತು.

ಬೆಸುಗೆಕೈ:
ಇದೇ ಮಾತು 3ನೇ ಟ್ರ್ಯಾಕಿಗೂ. ಒಳಗೆ ರೆಕಾರ್ಡ್ ಮತ್ತು ಪ್ಲೇ ನಡುವೆ ಬದಲಿಸುವ ಸ್ವಿಚ್‌ಗಳಿರುತ್ತವೆ. ಎಷ್ಟೋ ವರ್ಷ ಅಲ್ಲಾಡದೆ ಕೂತರೆ ತುದಿಗಳಿಗೆ ಕಪ್ಪು ಹಿಡಿಯುತ್ತದೆ. ಹೆಡ್ಡಿನಿಂದ ಬರುವ ಸಿಗ್ನಲ್ ತೀರಾ ಚಿಕ್ಕದು, ಅಲ್ಲಿ ಸ್ವಲ್ಪ ಕೊಳೆ ಇದ್ದರೂ ಪಟಪಟ. ಪವರ್ ತೆಗೆದು 3ನೇ ಟ್ರ್ಯಾಕಿನ ರೆಕಾರ್ಡ್ ಸ್ವಿಚ್ಚನ್ನು ಮೂವತ್ತು ನಲವತ್ತು ಸಲ ಅತ್ತಿತ್ತ ಆಡಿಸಿ. ಆಗಲೂ ಹೋಗದಿದ್ದರೆ ತೆರೆದು ಹೆಡ್ಡಿನ ತಂತಿಯ ಅರ್ಥ್ ಬೆಸುಗೆ ಬಿರುಕು ಬಿಟ್ಟಿದೆಯಾ ನೋಡೋಣ.

ಹಳೇಕ್ಯಾಸೆಟ್:
ಆಮೇಲೆ ಡಿಮ್ಯಾಗ್ನೆಟೈಸ್.

ಬೆಸುಗೆಕೈ:
ಆಯ್ತು ಮಾರಾಯ್ರೇ, ಆಮೇಲೆ ಡಿಮ್ಯಾಗ್ನೆಟೈಸ್.

ಒಂದುಸೊನ್ನೆ:
ನಿಜವಾಗಿ ಕೇಳ್ತಿದ್ದೀನಿ, ಜಗಳಕ್ಕಲ್ಲ. ಇಷ್ಟು ಒದ್ದಾಡಿ ನಾಲ್ಕು ಟ್ರ್ಯಾಕಿನಲ್ಲಿ ಏನು ಸಿಗುತ್ತದೆ?

ತಂತಿನಾದ:
ನನಗೆ ಸಿಗುವುದು ಹಾಡು ಮುಗಿಯುವುದು. ಕಂಪ್ಯೂಟರಿನಲ್ಲಿ ನಲವತ್ತು ಟ್ರ್ಯಾಕು ತೆರೆದು ಒಂದೂ ಮುಗಿಸಿಲ್ಲ. ಇಲ್ಲಿ ಮೂರು ಟ್ರ್ಯಾಕನ್ನು 4ನೆಯದಕ್ಕೆ ಸೇರಿಸಿದ ಮೇಲೆ ಮೂರನ್ನೂ ಅಳಿಸಲೇಬೇಕು, ಹಿಂದೆ ಹೋಗುವ ದಾರಿ ಇಲ್ಲ. ಹಾಗೆ ಸೇರಿಸಿದಾಗೆಲ್ಲ ಒಂದು ಪದರ ಸ್ಸ್ಸ್ ಕೂಡುತ್ತದೆ, ಅದೂ ನಿಜ.

ಒಂದುಸೊನ್ನೆ:
ಹ್ಮ್. ನನ್ನ ಹತ್ತಿರವೂ ಮುಗಿಯದ್ದು ಒಂದು ಫೋಲ್ಡರ್ ಇದೆ.

ಗದ್ದಲ:
ಒಂದೇನಾ?

ಹೊಸಟೇಪು:
3ನೇ ಟ್ರ್ಯಾಕ್ ಸರಿಹೋಯಿತು! ಸ್ವಿಚ್ ನಲವತ್ತು ಸಲ ಆಡಿಸಿದೆ, ಬೆರಳು ನೋಯುತ್ತಿದೆ, ಪಟಪಟ ಇಲ್ಲ. ಫೇಡರ್ ಕರಕರವೂ ಮುಕ್ಕಾಲು ಪಾಲು ಹೋಗಿದೆ. ಡಿಬಿಎಕ್ಸ್ ಆನ್ ಮಾಡಿ ಟೈಪ್ 2 ಟೇಪಿನಲ್ಲಿ ಗಿಟಾರ್ ರೆಕಾರ್ಡ್ ಮಾಡಿದೆ. ಸ್ಸ್ಸ್ ಹುಡುಕಬೇಕು, ಅಷ್ಟೇ ಇದೆ. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.

ಆದರೆ ಆ ಇನ್ನೊಂದು ಗುಂಯ್? ಪಿಚ್ ಜೊತೆ ಏರಿಳಿಯುವುದು. ಬ್ಯಾಟರಿಯಲ್ಲೂ ಇದೆ. ಮಾರಿದವರು ಕೊಟ್ಟ ಕ್ಯಾಸೆಟ್ಟಿನಲ್ಲಿ ಮಾತ್ರ. ಹೊಸ ಟೇಪಿನಲ್ಲಿ ಇಲ್ಲ.

ಬೆಸುಗೆಕೈ:
ಹೊಸ ಟೇಪಿನಲ್ಲಿ ಇಲ್ಲ ಅಂದರೆ ಮೋಟಾರ್ ಅಲ್ಲ. ಟೇಪಿನ ಮೇಲೇ ಇದೆ. ಪಿಚ್ ಗುಂಡಿ ನಡುವಿಗಿಟ್ಟು ಶ್ರುತಿ ಹಿಡಿಯಿರಿ.

ಹೊಸಟೇಪು:
ಮೂರನೇ ಫ್ರೆಟ್‌ಗಿಂತ ಸ್ವಲ್ಪ ಮೇಲೆ.

ತಂತಿನಾದ:
ಅಂದರೆ ಅದೇ ಅಡಾಪ್ಟರ್! ಅವರೂ ಅದರಲ್ಲೇ ರೆಕಾರ್ಡ್ ಮಾಡಿದ್ದಾರೆ. ಅವರಿಗೂ ಈ ಗುಂಯ್ ಕಾಡಿದೆ.

ರೀಲುಸುತ್ತ:
ಪಾಪ. ಅದಕ್ಕೇ ಮಾರಿರಬೇಕು. ಏನಿದೆ ಆ ಟೇಪಿನಲ್ಲಿ?

ಹೊಸಟೇಪು:
ಇಷ್ಟು ದಿನ ಬರೀ ಸದ್ದು ಕೇಳ್ತಿದ್ದೆ, ಹಾಡು ಕೇಳಿರಲಿಲ್ಲ. ಈಗ ಡಿಬಿಎಕ್ಸ್ ಆನ್ ಮಾಡಿ ಕೇಳಿದೆ. 1ರಲ್ಲಿ ಗಿಟಾರ್. 2ರಲ್ಲಿ ಮೇಜು ಬಡಿದ ತಾಳ. 3 ಖಾಲಿ, ಪಟಪಟ ಅಂತಿದ್ದ ಟ್ರ್ಯಾಕ್ ಅಲ್ವಾ, ಬಿಟ್ಟುಬಿಟ್ಟಿದ್ದಾರೆ ಅನಿಸುತ್ತದೆ. 4ರಲ್ಲಿ ಒಬ್ಬರು ಪದಗಳಿಲ್ಲದೆ ಗುನುಗುತ್ತಾರೆ. ಎರಡನೇ ಚರಣದ ನಡುವೆ ನಿಲ್ಲಿಸಿ "ಮತ್ತೆ ಗುಂಯ್ ಅಂತಿದೆ" ಅಂದು ಆಫ್ ಮಾಡುತ್ತಾರೆ. ಟೇಪು ಅಲ್ಲಿಗೆ ಮುಗಿಯಿತು.

ಗದ್ದಲ:
ಇದಕ್ಕೆ ನನ್ನ ಹತ್ತಿರ ಜೋಕಿಲ್ಲ.

ಹಳೇಕ್ಯಾಸೆಟ್:
ಆ ಟೇಪನ್ನು ಡಿಮ್ಯಾಗ್ನೆಟೈಸರ್ ಹತ್ತಿರ ಇಡಬೇಡಿ.

ಮೂಗುತೂರಿಸಿ:
3 ಖಾಲಿ ಇದೆಯಲ್ಲ. ನೀವೇ ಏನಾದರೂ ನುಡಿಸಿ.

ರೀಲುಸುತ್ತ:
ಬೇಡ, ಮುಟ್ಟಬೇಡಿ. ಕ್ಯಾಸೆಟ್ಟಿನ ಹಿಂದಿನ ಟ್ಯಾಬ್ ಮುರಿದಿಡಿ, ಕೈತಪ್ಪಿ ಅಳಿಸಿಹೋಗಲ್ಲ. ಮಾರಿದವರಿಗೆ ಫೋನ್ ಮಾಡಿ ಬೇಕಾ ಅಂತ ಕೇಳಿ.

ಹೊಸಟೇಪು:
ಟ್ಯಾಬ್ ಮುರಿದೆ. ಫೋನ್ ಮಾಡಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, "ಗುಂಯ್ ಹೇಗೆ ಹೋಯ್ತು?" ಅಂತ ಕೇಳಿದರು. ಅಡಾಪ್ಟರ್ ಅಂದೆ. ನಾನು ಬರೆಯಲು ಆಗದಂಥ ಒಂದು ಮಾತು ಹೇಳಿದರು. ಆಮೇಲೆ 3ನೇ ಟ್ರ್ಯಾಕಿನಲ್ಲಿ ಬೇಸ್ ಹಾಕಿ ಕಳಿಸ್ತೀರಾ ಅಂದರು.

ತಂತಿನಾದ:
ಮುರಿದ ಟ್ಯಾಬಿನ ತೂತಿಗೆ ಸೆಲ್ಲೋ ಟೇಪ್ ಅಂಟಿಸಿ, ಮತ್ತೆ ರೆಕಾರ್ಡ್ ಆಗುತ್ತದೆ. ಪಕ್ಕದಲ್ಲಿರುವ, ಟೈಪ್ 2 ಅಂತ ಗುರುತಿಸುವ ತೂತು ಮಾತ್ರ ಮುಚ್ಚಬೇಡಿ.